ಗಂಬೂಟು ಸಮೇತ ತೂಗಿದ ಮಗು

ಮೂವತ್ತೊಂದು ವರ್ಷ ನಾನು ಮಕ್ಕಳನ್ನು ತೂಗಿದೆ. ಇಲಾಖೆಯ ಕಾಗದಗಳಲ್ಲಿ ನನ್ನ ಹುದ್ದೆಗೆ ಅಂಗನವಾಡಿ ಮೇಲ್ವಿಚಾರಕಿ ಎಂಬ ಗಂಭೀರವಾದ ಹೆಸರಿತ್ತು. ಕೊಟ್ಟಿಗೆಹಾರದಿಂದ ಕಳಸದ ಕಡೆಯವರೆಗಿನ ಎಸ್ಟೇಟುಗಳಲ್ಲಿ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ ಮಾತ್ರ ನಾನು ತೂಕದ ಮೇಡಂ. ಬಸ್ಸಿನಿಂದ ಇಳಿಯುತ್ತಿದ್ದ ಹಾಗೆಯೇ ಯಾರಾದರೂ ಒಬ್ಬರು "ತೂಕದ ಮೇಡಂ ಬಂದ್ರು" ಎಂದು ಕೂಗುತ್ತಿದ್ದರು. ಆ ಕೂಗಿಗೆ ಅರ್ಧ ಮಕ್ಕಳು ಕಾಫಿ ಗಿಡಗಳ ಸಂದಿಯಲ್ಲಿ ಮಾಯವಾಗುತ್ತಿದ್ದರು. ಉಳಿದ ಅರ್ಧ ಮಕ್ಕಳಿಗೆ ಓಡುವಷ್ಟು ತ್ರಾಣವಿಲ್ಲ ಎಂದು ಮೊದಲ ವರ್ಷದ ವರದಿಯಲ್ಲಿ ಬಹಳ ಕಳಕಳಿಯಿಂದ ಬರೆದಿದ್ದೆ. ತೂಕದ ದಿನ ಕಡಲೆ ಚಿಕ್ಕಿ ಕೊಡುತ್ತಾರೆಂದು ತಿಳಿದ ಜಾಣ ಮಕ್ಕಳು ಅವರು ಎಂಬುದು ಆಮೇಲೆ ಗೊತ್ತಾಯಿತು.

ಈಗ ಇದನ್ನೆಲ್ಲ ಬರೆಯಲು ಕಾರಣ ನಮ್ಮ ಬೀದಿಯ ಒಬ್ಬ ಹುಡುಗಿ. ಅವಳಿಗೆ ಇದೇ ಕೆಲಸ ಸಿಕ್ಕಿದೆ. ಸಿಹಿ ಕೊಡಲು ಬಂದವಳು ಹೊಸ ನೋಟ್‌ಬುಕ್ಕು, ಪೆನ್ನು ತಂದಿದ್ದಳು. "ಆಂಟಿ, ಮೊದ್ಲು ಏನ್ ತಿಳ್ಕೋಬೇಕು ಹೇಳಿ, ಬರ್ಕೋತೀನಿ" ಎಂದಳು. "ಮೊದಲು ಒಂದು ಜೊತೆ ಗಂಬೂಟು ತಗೋ" ಎಂದೆ. ಅವಳು ನಕ್ಕು ನೋಟ್‌ಬುಕ್ಕು ಮುಚ್ಚಿಬಿಟ್ಟಳು. ನಾನು ತಮಾಷೆ ಮಾಡಿರಲಿಲ್ಲ. ಅವಳು ಬರೆದುಕೊಳ್ಳದೆ ಹೋದದ್ದನ್ನು ನಾನೇ ಬರೆಯುತ್ತಿದ್ದೇನೆ. ಬಡ್ತಿಯ ವಿಚಾರ ಇದರಲ್ಲಿ ಇರುವುದಿಲ್ಲ. ಬಂದಿದ್ದರೆ ತಾನೆ ಬರೆಯುವುದು.

ನಾನು ಸೇರಿದ ಕಾಲದಲ್ಲಿ ನಮಗಿದ್ದದ್ದು ನೇತುಹಾಕುವ ತಕ್ಕಡಿ. ಗಡಿಯಾರದ ಹಾಗೆ ಒಂದು ಮುಖ, ಮೇಲೊಂದು ಕೊಕ್ಕೆ, ಕೆಳಗೊಂದು ಕೊಕ್ಕೆ. ಕೆಳಗಿನ ಕೊಕ್ಕೆಗೆ ಗಟ್ಟಿ ಬಟ್ಟೆಯ ಚಡ್ಡಿ. ಮಗುವನ್ನು ಆ ಚಡ್ಡಿಯೊಳಗೆ ಇಳಿಸಿ ಕೈಬಿಟ್ಟರೆ ಅದು ಗಾಳಿಯಲ್ಲಿ ತೂಗಾಡುತ್ತ ಕಿರುಚುತ್ತಿತ್ತು, ಮುಳ್ಳು ಎಂಟರಿಂದ ಹದಿಮೂರರವರೆಗೆ ಓಡಾಡುತ್ತಿತ್ತು. ನಡುವೆ ಎಲ್ಲೋ ಒಂದು ಕಡೆ ನಾವು ಕಣ್ಣುಮುಚ್ಚಿ ಬರೆದುಕೊಳ್ಳುತ್ತಿದ್ದೆವು. ಮೇಲಿನ ಕೊಕ್ಕೆಗೆ ಜಾಗ ಹುಡುಕುವುದೇ ದೊಡ್ಡ ಕೆಲಸ. ಒಮ್ಮೆ ತೊಲೆ ಸಿಗದೆ ಸಿಲ್ವರ್ ಓಕ್ ಮರದ ಕೊಂಬೆಗೆ ಹಾಕಿದೆ. ಸಿಲ್ವರ್ ಓಕಿನ ಕೊಂಬೆ ಎಷ್ಟು ಸುಲಭವಾಗಿ ಮುರಿಯುತ್ತದೆ ಎಂಬುದು ಈ ಸೀಮೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು, ನನಗೂ ಗೊತ್ತಿತ್ತು, ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೆ. ಕೊಂಬೆ, ತಕ್ಕಡಿ, ಮಗು ಮೂರೂ ಒಟ್ಟಿಗೆ ಇಳಿದವು. ಮಗುವಿಗೆ ಏನೂ ಆಗಲಿಲ್ಲ, ಅದು ಬಿದ್ದದ್ದು ನನ್ನ ಮೇಲೆ.

ಅದೇ ದಿನ ಅಲ್ಲಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ಒಂದು ಪ್ರಶ್ನೆ ಕೇಳಿದಳು.

"ಅಲ್ಲ ಅಮ್ಮಯ್ಯ, ಚೀಲಕ್ಕೆ ಎಷ್ಟು ಕಳೀತೀರಿ?"

ಕಾಫಿ ಹಣ್ಣು ಬಿಡಿಸುವ ಕಾಲದಲ್ಲಿ ಹೆಂಗಸರು ದಿನವಿಡೀ ಕೊಯ್ದದ್ದನ್ನು ಸಂಜೆ ಚೀಲದಲ್ಲಿ ಹೊತ್ತು ತರುತ್ತಾರೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅದನ್ನು ತೂಗಿ, ಚೀಲದ ತೂಕವೆಂದು ಒಂದಷ್ಟು ಕಳೆದು, ಉಳಿದದ್ದಕ್ಕೆ ಕೂಲಿ ಬರೆಯುತ್ತಾರೆ. ಅಜ್ಜಿಯ ಕಣ್ಣಿಗೆ ಚಡ್ಡಿಯೂ ಒಂದು ಚೀಲ. ಮೊದಲು ಚಡ್ಡಿ ಸಿಕ್ಕಿಸಿ ಮುಳ್ಳನ್ನು ಸೊನ್ನೆಗೆ ತಂದುಕೊಳ್ಳಬೇಕು ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನು ಅದನ್ನು ಮಾಡಿರಲಿಲ್ಲ. ಅಜ್ಜಿಗೆ ಏನೋ ಒಂದು ಹೇಳಿ ಜಾರಿಕೊಂಡೆ. ಮಾರನೆಯ ದಿನ ಆಫೀಸಿನಲ್ಲಿ ಅಜ್ಜಿಯ ಪ್ರಶ್ನೆಯನ್ನು ನಕಲು ಮಾಡಿ ತೋರಿಸಿ ಎಲ್ಲರನ್ನೂ ನಗಿಸಿದೆ. ಮುಂದೆ ಇಪ್ಪತ್ತೈದು ವರ್ಷಗಳ ನಂತರ ಅದೇ ಪ್ರಶ್ನೆ ಇನ್ನೊಂದು ಬಾಯಿಂದ ಬಂದಾಗ ನಗು ಬರಲಿಲ್ಲ. ಆ ಕಥೆಗೇ ಬರುತ್ತಿದ್ದೇನೆ.

ಅದಕ್ಕೆ ಮೊದಲು ಬದಲಾದ ಪದ್ಧತಿಯ ಬಗ್ಗೆ ಒಂದು ಮಾತು. ತಕ್ಕಡಿ ಹೋಗಿ ಮಗುವನ್ನು ನಿಲ್ಲಿಸುವ ಚಪ್ಪಟೆ ಮೆಷಿನ್ನು ಬಂತು. ಪುಸ್ತಕ ಹೋಗಿ ಫೋನು ಬಂತು. ತೂಕ ಒತ್ತಿದರೆ ಫೋನೇ ಬಣ್ಣ ಹೇಳುತ್ತದೆ. ವಯಸ್ಸಿಗೆ ತಕ್ಕ ತೂಕವಿದ್ದರೆ ಹಸಿರು, ಕಡಿಮೆಯಿದ್ದರೆ ಹಳದಿ, ತೀರಾ ಕಡಿಮೆಯಿದ್ದರೆ ಕೆಂಪು. ಹೇಳುವುದೇನೋ ಹೇಳುತ್ತದೆ, ಆದರೆ ನೆಟ್‌ವರ್ಕ್ ಬೇಕಲ್ಲ. ದೇವರಮನೆ ಕಡೆಯ ಒಂದು ಎಸ್ಟೇಟಿನ ಅಂಗನವಾಡಿಯಲ್ಲಿ ಜಲಜಾಕ್ಷಿ ಎಂಬ ಟೀಚರಿದ್ದರು. ಆ ಕೇಂದ್ರದ ಹಿಂದೆ ಒಂದು ಬಂಡೆಯಿದೆ, ಅದರ ತುದಿಯಲ್ಲಿ ಮಾತ್ರ ಎರಡು ಕಡ್ಡಿ ನೆಟ್‌ವರ್ಕ್. ಜಲಜಾಕ್ಷಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಬಂಡೆ ಹತ್ತಿ ನಿಂತು ಹದಿನೆಂಟು ಮಕ್ಕಳ ತೂಕವನ್ನು ಆಕಾಶಕ್ಕೆ ಕಳಿಸುತ್ತಿದ್ದರು. ಇಳಿದು ಬಂದು ಸೀರೆ ಎತ್ತಿ ಕಾಲಿಗೆ ಹತ್ತಿದ ಇಂಬಳಗಳನ್ನು, ಅಂದರೆ ನೆಲದ ಜಿಗಣೆಗಳನ್ನು, ಕಿತ್ತು ಹಾಕುತ್ತಿದ್ದರು. "ನಮ್ ರಕ್ತ ಕುಡ್ದೇ ಈ ಆಪ್ ಬದ್ಕಿರದು ಮೇಡಂ" ಎನ್ನುತ್ತಿದ್ದರು.

ಇನ್ನು ಹಣದ ವಿಷಯ. ನನ್ನ ಕಾಲದಲ್ಲಿ ಮಕ್ಕಳ ಹೆಸರಿನಲ್ಲಿ, ತಾಯಂದಿರ ಹೆಸರಿನಲ್ಲಿ ಸರ್ಕಾರದ ಹಣ ಹಲವು ಬಗೆಯಲ್ಲಿ ಬಂದಿದೆ. ಹೆಣ್ಣುಮಗು ಹುಟ್ಟಿದರೆ ಬಾಂಡು, ಬಸುರಿಯರಿಗೆ ಕಂತು. ಎಲ್ಲದಕ್ಕೂ ಬೆರಳು ಒತ್ತಬೇಕು. ಕಾಫಿ ಬಿಡಿಸಿ, ಮೆಣಸು ಉದುರಿಸಿ ನಮ್ಮ ಹೆಂಗಸರ ಬೆರಳ ಗೆರೆಗಳು ಸವೆದುಹೋಗಿರುತ್ತಿದ್ದವು. ಮೆಷಿನ್ನು ಒಪ್ಪುತ್ತಿರಲಿಲ್ಲ. ಹತ್ತು ಬೆರಳೂ ಒತ್ತಿ ಸಾಕಾದ ಒಬ್ಬಳು ಬೆರಳಿನ ಮೆಷಿನ್ ಹಿಡಿದು ಬಂದ ಹುಡುಗನನ್ನು "ಕಾಲ್ಬೆರಳು ಇಡ್ಲಾ ಸಾರ್?" ಎಂದು ಕೇಳಿದ್ದಳು. ಅವಳ ಬಸುರಿನ ಪೌಷ್ಟಿಕ ಆಹಾರಕ್ಕೆಂದು ಮಂಜೂರಾದ ಹಣ ಕೈಗೆ ಬಂದಾಗ ಆ ಮಗು ಅಂಬೆಗಾಲಿಟ್ಟು ಬಂದು ಅವಳ ಮಡಿಲಲ್ಲಿ ಕೂತಿತ್ತು. ಎರಡು ಸಾವಿರ ಬಂದಮೇಲೆ ಪರಿಸ್ಥಿತಿ ಬದಲಾಯಿತು. ಮನೆಯ ಯಜಮಾನಿಯ ಖಾತೆಗೆ ತಿಂಗಳು ತಿಂಗಳು ಸೀದಾ ಬೀಳುವ ಹಣ ಅದು. ಯೋಜನೆಗೆ ಒಳ್ಳೆಯ ಹೆಸರೇ ಇದೆ, ನಮ್ಮ ಕಡೆ ಎಲ್ಲರೂ ಕರೆಯುವುದು ಎರಡು ಸಾವಿರ ಎಂದೇ.

ಆಗ ನಮಗಿದ್ದ ಅಧಿಕಾರಿ ಬಯಲುಸೀಮೆಯಿಂದ ವರ್ಗವಾಗಿ ಬಂದವರು. ಒಳ್ಳೆಯ ಮನುಷ್ಯ, ಬಣ್ಣದ ಹುಚ್ಚು. ತಮ್ಮ ಕೋಣೆಯ ಗೋಡೆಗೆ ತಾಲ್ಲೂಕಿನ ನಕ್ಷೆ ಹಾಕಿ, ಪ್ರತಿ ಕೇಂದ್ರಕ್ಕೂ ಕೆಂಪು, ಹಳದಿ, ಹಸಿರು ಗುಂಡುಸೂಜಿ ಚುಚ್ಚಿಸಿದ್ದರು. ಮಳೆಗಾಲದಲ್ಲೂ ಮುಖ ಕಾಣುವಷ್ಟು ಪಾಲಿಶ್ ಮಾಡಿದ ಬೂಟು ಹಾಕುತ್ತಿದ್ದರು. ನನ್ನ ಸರ್ಕಲ್ಲಿನಲ್ಲಿ ಉಳಿದಿದ್ದ ಒಂದೇ ಕೆಂಪು ಸೂಜಿ ಅವರಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ಕಾಡುತ್ತಿತ್ತು. ಆ ಸೂಜಿ ಜಲಜಾಕ್ಷಿಯ ಕೇಂದ್ರದ್ದು. ಅಲ್ಲಿ ಚೈತ್ರ ಎಂಬ ನಾಲ್ಕು ವರ್ಷದ ಹುಡುಗಿ, ಹತ್ತೂವರೆ ಕಿಲೋ ಮೇಲೆ ಏಳುತ್ತಲೇ ಇರಲಿಲ್ಲ.

"ಮೇಡಂ, ನನಗಾ ಕೆಂಪು ಕಾಣಂಗಿಲ್ಲ ನೋಡ್ರಿ" ಎಂದು ಪ್ರತಿ ಸಭೆಯಲ್ಲಿ ಹೇಳುತ್ತಿದ್ದರು. ಕನ್ನಡಕ ತೆಗೆದರೆ ಕಾಣಲ್ಲ ಸಾರ್ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಗುತ್ತಿತ್ತು.

ಎರಡು ಸಾವಿರ ಶುರುವಾಗಿ ಕೆಲವು ತಿಂಗಳಾದ ಮೇಲೆ, ಈ ಹಣದಿಂದ ಮಕ್ಕಳಿಗೆ ಏನು ಒಳ್ಳೆಯದಾಗಿದೆ ಎಂದು ಮನೆಮನೆಗೆ ಹೋಗಿ ಕೇಳಿ ಬರೆಯಬೇಕೆಂದು ನಮ್ಮ ಸಾಹೇಬರು ತಾವೇ ಒಂದು ಫಾರಂ ತಯಾರಿಸಿ ಕೊಟ್ಟರು. ಹಾಲು, ಹಣ್ಣು, ಮೊಟ್ಟೆ, ಬಟ್ಟೆ, ಔಷಧಿ ಎಂದು ಕಾಲಂಗಳು. ಕೊನೆಯಲ್ಲಿ ಅನಗತ್ಯ ವೆಚ್ಚ ಎಂದು ಒಂದು ಕಾಲಂ. ಹೊರಟೆ. ಮೊದಲ ದಿನ ಮಧ್ಯಾಹ್ನದೊಳಗೆ ನಾನು ಕಂಡ ಮನೆಗಳ ಮಕ್ಕಳು ಕುಡಿಯುತ್ತಿದ್ದ ಹಾಲಿನ ಲೆಕ್ಕ ಹಾಕಿದರೆ ಮೂಡಿಗೆರೆ ತಾಲ್ಲೂಕಿನ ಹಸುಗಳೆಲ್ಲ ಎರಡು ಹೊತ್ತಲ್ಲ, ನಾಲ್ಕು ಹೊತ್ತು ಕರೆಯಬೇಕಾಗಿತ್ತು. ಎಲ್ಲರದೂ ಒಂದೇ ಉತ್ತರ, ಒಂದೇ ಕ್ರಮದಲ್ಲಿ: ಹಾಲು, ಹಣ್ಣು, ಮೊಟ್ಟೆ. ಫಾರಂ ನನಗಿಂತ ಮೊದಲೇ ಲೈನಿಗೆ ಬಂದು ಹೋಗಿತ್ತು. ಸರ್ಕಾರದವರು ಕೇಳುವ ಪ್ರಶ್ನೆಗೆ ಸರ್ಕಾರಕ್ಕೆ ಬೇಕಾದ ಉತ್ತರ ಕೊಡುವುದು ಬಡವರ ಮರ್ಯಾದೆ, ಅದನ್ನು ನಿಜವೆಂದು ನಂಬುವುದು ನಮ್ಮ ಪೆದ್ದುತನ.

ಕಳಸದ ಕಡೆ ಸೇಸಮ್ಮ ಎಂಬ ಮುದುಕಿಯ ಮನೆಯಲ್ಲಿ ಮಾತ್ರ ಸತ್ಯ ಕಣ್ಣಿಗೇ ಬಿತ್ತು. ರೇಷನ್ ಕಾರ್ಡಿನಲ್ಲಿ ಯಜಮಾನಿ ಅವಳೇ, ಹಣ ಬರುವುದೂ ಅವಳಿಗೇ. ಮೊಮ್ಮಗ ಪ್ಯಾಕೆಟ್ ತಿಂಡಿಯ ಹೊಳೆಯುವ ಕವರುಗಳ ನಡುವೆ ರಾಜನ ಹಾಗೆ ಕೂತಿದ್ದ. ಬೆಳಗ್ಗೆ ಒಂದು ಪ್ಯಾಕೆಟ್, ಸಂಜೆ ಒಂದು. ಅಂಗನವಾಡಿಯ ಊಟ ಅವನ ಬಾಯಿಗೆ ಹಿಡಿಸುತ್ತಿರಲಿಲ್ಲ.

"ಅಜ್ಜಿ, ಇದೆಲ್ಲ ಯಾಕೆ ಕೊಡಿಸ್ತೀರಿ?"

"ನನ್ ಮಕ್ಳು ಕೇಳ್ದಾಗ ಕೊಡ್ಸಕ್ಕೆ ನನ್ ಹತ್ರ ಎಂತ ಇತ್ತು ಮಾರಾಯ್ತಿ? ಈಗ ಈ ಒಬ್ಬ ಕೇಳ್ತಾನೆ, ಕೊಡ್ತೀನಿ" ಎಂದಳು ಸೇಸಮ್ಮ. ನಾನು ಫಾರಂ ಕಡೆ ತಿರುಗಿದೆ. ಬರೆಯಲು ಕಾಲಂ ಹುಡುಕುತ್ತಿದ್ದಾಗ ಅವಳೇ "ಹಣ್ಣು ಅಂತ ಬರ್ಕಳಿ" ಎಂದು ದಾರಿ ತೋರಿಸಿದಳು.

ಚೈತ್ರಳ ಮನೆಗೆ ಹೋದದ್ದು ಜೂನ್ ತಿಂಗಳಲ್ಲಿ, ಮಳೆ ಹಿಡಿದ ವಾರ. ಅವಳ ತಾಯಿ ಲಲಿತ ಎಸ್ಟೇಟಿನಲ್ಲಿ ಆಳು. ಗಂಡ ಗಾರೆ ಕೆಲಸಕ್ಕೆಂದು ಚಿಕ್ಕಮಗಳೂರಿಗೆ ಹೋದರೆ ವಾರಕ್ಕೊಮ್ಮೆ ಬರುವವನು. ಮಳೆಗೆಂದು ತಲೆಯಿಂದ ಹೊದ್ದ ಪ್ಲಾಸ್ಟಿಕ್ ಕೊಪ್ಪೆಯನ್ನೂ ತೆಗೆಯದೆ ಬಾಗಿಲಲ್ಲೇ ನಿಂತು ಉತ್ತರ ಕೊಟ್ಟಳು.

"ಎರಡು ಸಾವಿರದಲ್ಲಿ ಎಂತ ತಗೊಂಡೆ?"

"ಬೂಟು."

"ಯಾರಿಗೆ?"

"ಚೈತ್ರಂಗೆ. ಗಂಬೂಟು. ಕಪ್ಪು ಬಣ್ಣದ್ದು ಅಗ್ಗ ಇತ್ತು, ಅವ್ಳು ಕಪ್ಪೆ ಚಿತ್ರದ್ದೇ ಬೇಕು ಅಂದ್ಲು."

ಒಳಗಿನಿಂದ ಚೈತ್ರ ಬಂದು ನಿಂತಳು. ಕೈಕಾಲು ಕಡ್ಡಿ, ಕಣ್ಣು ಎರಡು ದೊಡ್ಡವು, ಮೊಣಕಾಲಿನವರೆಗೆ ನೀಲಿ ಗಂಬೂಟು, ಅದರ ಮೇಲೆ ಹಲ್ಲು ಕಿರಿದ ಹಸಿರು ಕಪ್ಪೆ. ಮನೆಯೊಳಗೂ ಅದನ್ನೇ ಹಾಕಿಕೊಂಡಿದ್ದಳು. ಮಲಗುವಾಗಲೂ ಬಿಚ್ಚುವುದಿಲ್ಲವಂತೆ. ನನಗೆ ಸಿಟ್ಟು ಬಂತು. ಬೆಳಗ್ಗೆಯಿಂದ ಸುಳ್ಳು ಹಾಲು ಬರೆದುಕೊಂಡು ಬಂದವಳಿಗೆ ನಿಜ ಹೇಳಿದವಳ ಮೇಲೆ ಸಿಟ್ಟು ಬಂತು.

"ಮಗು ಕೆಂಪಲ್ಲಿದೆ, ನೀನು ಕಪ್ಪೆ ಬೂಟು ತಗೊಂಡಿದ್ದೀಯಲ್ಲ. ಹೊಟ್ಟೆಗೆ ಬೂಟು ಹಾಕ್ತೀಯಾ?"

"ಬೂಟಿಲ್ದಿದ್ರೆ ಹೊಟ್ಟೆಗ್ ಹೋಗದು ಹೆಂಗೆ ಮೇಡಂ?" ಎಂದಳು ಲಲಿತ, ನೆಲ ನೋಡುತ್ತ.

ಎದುರುತ್ತರ ಕೊಡುತ್ತಿದ್ದಾಳೆ ಎಂದುಕೊಂಡೆ. ಅವಳು ಹೇಳಿದ್ದರ ಅರ್ಥವೇನೆಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ಅನಗತ್ಯ ವೆಚ್ಚದ ಕಾಲಂನಲ್ಲಿ ಗಂಬೂಟು, ಕಪ್ಪೆ ಚಿತ್ರ ಸಹಿತ ಎಂದು ಬರೆದು, ಅಡಿಗೆರೆಯನ್ನೂ ಎಳೆದೆ.

ಮುಂದಿನ ತೂಕದ ದಿನ ಜಲಜಾಕ್ಷಿಯ ಕೇಂದ್ರಕ್ಕೆ ಹೋದಾಗ ಧೋ ಎಂದು ಮಳೆ. ಸಿಮೆಂಟ್ ನೆಲ ತಣ್ಣಗೆ ಕೊರೆಯುತ್ತಿತ್ತು. ಚೈತ್ರಳ ಬೂಟು ನೋಡಿ ಇನ್ನೂ ಐದು ತಾಯಂದಿರು ತಮ್ಮ ಮಕ್ಕಳಿಗೆ ತಂದಿದ್ದರು. ಬಾಗಿಲಲ್ಲಿ ಆರು ಜೊತೆ ಪುಟಾಣಿ ಗಂಬೂಟುಗಳ ಮೆರವಣಿಗೆ. "ಬೂಟ್ ಬಿಚ್ಸದಾ ಮೇಡಂ?" ಎಂದು ಜಲಜಾಕ್ಷಿ ಕೇಳಿದರು. ನಾನು ವಾಚು ನೋಡಿದೆ. ಒಂದೂವರೆಯ ಬಸ್ಸು ತಪ್ಪಿದರೆ ಮುಂದಿನದು ನಾಲ್ಕಕ್ಕೆ. ಒಂದು ಬೂಟು ಬಿಚ್ಚಲು ಹೋದ ಕೂಡಲೇ ಚೈತ್ರ ನೆಲಕ್ಕೆ ಬಿದ್ದು ಹೊರಳಾಡಿದಳು. "ಹೋಗ್ಲಿ ಬಿಡಿ, ನೆಲ ತಣ್ಣಗಿದೆ" ಎಂದೆ. ಈ ಹೋಗ್ಲಿ ಬಿಡಿ ಎಂಬ ಮಾತು ನನ್ನ ಮೂವತ್ತೊಂದು ವರ್ಷದ ನೌಕರಿಯ ಅತಿ ದೊಡ್ಡ ತಪ್ಪು.

ಚೈತ್ರ ಹನ್ನೊಂದೂವರೆ ಕಿಲೋ ತೂಗಿದಳು. ಫೋನು ಹಳದಿ ತೋರಿಸಿತು. ಉಳಿದ ಐದು ಬೂಟಿನ ಮಕ್ಕಳೂ ಮುಕ್ಕಾಲು ಕಿಲೋ, ಒಂದು ಕಿಲೋ ಏರಿದ್ದರು. ಬೂಟಿಲ್ಲದ ಹನ್ನೆರಡು ಮಕ್ಕಳು ಇದ್ದಲ್ಲೇ ಇದ್ದರು. ಯಾವ ಪೆದ್ದಿಗಾದರೂ ಅನುಮಾನ ಬರಬೇಕಿತ್ತು. ನಾನು ಜಲಜಾಕ್ಷಿಯ ಕೈ ಕುಲುಕಿ ಬಸ್ಸು ಹಿಡಿದೆ.

ಸಾಹೇಬರು ಕೆಂಪು ಸೂಜಿಯನ್ನು ತಾವೇ ಎದ್ದು ಕಿತ್ತರು. ಎಲ್ಲರಿಗೂ ಆಫೀಸಿನಲ್ಲಿ ಬೋಂಡ ತರಿಸಿದರು. "ಎರಡು ಸಾವಿರದ ಪರಿಣಾಮ ನೋಡ್ರಿ, ಒಂದೇ ತಿಂಗಳಿನಾಗೆ. ಇದನ್ನ ಯಶೋಗಾಥೆ ಅಂತ ಬರೀರಿ, ಮ್ಯಾಲಕ್ಕೆ ಕಳಸೋಣು, ನಾನೇ ಬಂದು ಫೋಟೋ ಹಿಡಿತೀನಿ" ಎಂದರು. ನಾನು ಎರಡು ಪುಟ ಬರೆದೆ. ಹಾಲು, ಹಣ್ಣು, ಮೊಟ್ಟೆ ಎಲ್ಲ ಬಂದವು. ಗಂಬೂಟನ್ನು ಬಿಟ್ಟುಬಿಟ್ಟೆ.

ಕೆಂಪು ಮಕ್ಕಳಿಗೆ ಅಂಗನವಾಡಿಯಲ್ಲಿ ದಿನಾ ಒಂದು ಮೊಟ್ಟೆ, ಹೆಚ್ಚಿಗೆ ಹಾಲು. ಹಳದಿಗೆ ಬಂದ ಕೂಡಲೇ ಎಲ್ಲರ ಹಾಗೆ ವಾರಕ್ಕೆರಡೇ ಮೊಟ್ಟೆ. ಫೋನು ಹಳದಿ ಎಂದ ಮರುದಿನದಿಂದ ಚೈತ್ರಳ ದಿನದ ಮೊಟ್ಟೆ ನಿಂತಿತು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬೋಂಡ ತಿನ್ನುವಾಗ ನೆನಪಾಗಲಿಲ್ಲ.

ಎರಡು ವಾರದ ನಂತರ ಕೊಟ್ಟಿಗೆಹಾರದ ಹೋಟೆಲ್ಲಿನ ಮುಂದೆ ಬಸ್ಸಿಗೆ ಕಾಯುತ್ತಿದ್ದೆ. ಲಲಿತ ಬಂದಳು. ಅರ್ಧ ದಿನದ ಕೆಲಸ ಬಿಟ್ಟು, ಜೀಪಿಗೆ ಕಾಯದೆ ನಡೆದೇ ಬಂದಿದ್ದಳು.

"ಮೇಡಂ, ನೀವ್ ಅವತ್ತು ತೂಗಿದ್ದು ಚೈತ್ರನ್ನ ಒಬ್ಳನ್ನೇ ಅಲ್ಲ, ಬೂಟು ಸೇರ್ಸಿ."

ನಾನು ಬಸ್ಸು ಬರುವ ದಾರಿಯ ಕಡೆ ನೋಡಿದೆ.

"ನಮ್ ರೈಟ್ರು ಹಣ್ಣು ತೂಗುವಾಗ ಚೀಲಕ್ಕೆ ಒಂದ್ ಕಿಲೋ ಕಳೀತಾರೆ. ಮಳೇಲಿ ನೆಂದ ಚೀಲಕ್ಕೆ ಒಂದೂವರೆ. ನಮ್ ಕೂಲೀಲಿ ಕಳಿಯಕ್ಕೆ ಯಾರೂ ಮರ್ಯಲ್ಲ. ನಿಮಗೆ ಬೂಟಿಗೆ ಕಳಿಯಕ್ಕೆ ನೆನಪಾಗ್ಲಿಲ್ವಾ?"

ಅವಳ ದನಿ ಏರಲಿಲ್ಲ. ಏರಿದ್ದರೆ ನಾನೂ ಏರಿಸಿ ತಪ್ಪಿಸಿಕೊಳ್ಳುತ್ತಿದ್ದೆ. "ಫೋನಿಗೆ ಒಮ್ಮೆ ಹೋದ್ರೆ ನಮ್ಮ ಕೈಲಿ ತೆಗೆಯಕ್ಕೆ ಆಗಲ್ಲ ಲಲಿತ. ಮುಂದಿನ ತಿಂಗಳು ಬೂಟು ಬಿಚ್ಚಿಸಿ ತೂಗ್ತೀನಿ" ಎಂದೆ.

"ಮುಂದಿನ್ ತಿಂಗ್ಳ ತನ್ಕ ಅವ್ಳು ಎಂತ ತಿನ್ನದು?"

ಬಸ್ಸು ಬಂತು, ಹತ್ತಿದೆ. ಸೀಟು ಸಿಕ್ಕಿತು. ಆದರೂ ಮೂಡಿಗೆರೆಯವರೆಗೆ ಕೂರಲು ಆಗಲಿಲ್ಲ, ಅಷ್ಟು ನಾಚಿಕೆಯಾಗಿತ್ತು. ಚೀಲಕ್ಕೆ ಎಷ್ಟು ಕಳೀತೀರಿ ಎಂದು ಕೇಳಿದ ಅಜ್ಜಿ ನೆನಪಾದಳು. ಸಾಹೇಬರ ಕೋಣೆಗೆ ಹೋಗಿ ವಿಷಯ ಹೇಳಿದೆ. ಅವರು ನಕ್ಷೆಯ ಕಡೆ ನೋಡಿದರು, ಹಸಿರು, ಹಳದಿ ಎಲ್ಲ ಚೆಂದವಾಗಿತ್ತು. "ಯಶೋಗಾಥೆ ಹೋಗೈತಲ್ಲರಿ ಮೇಡಂ. ಹೋಗಿದ್ದನ್ನ ಹೆಂಗ ಕರೆಯೋದು? ಮಗು ಒಂದು ತಿಂಗಳಿನಾಗೆ ಸೊರಗಂಗಿಲ್ಲ ಬಿಡ್ರಿ" ಎಂದರು. ಗುರುವಾರ ಫೋಟೋಗೆ ಬರುವುದಾಗಿಯೂ ಹೇಳಿದರು.

ಗುರುವಾರ ಮಳೆ ಸ್ವಲ್ಪ ಬಿಟ್ಟಿತ್ತು. ಜೀಪು ನಿಲ್ಲುವ ಜಾಗದಿಂದ ಕೇಂದ್ರಕ್ಕೆ ಕಾಫಿ ತೋಟದೊಳಗೆ ಕಾಲುದಾರಿ, ನಡುವೆ ಒಂದು ಜೌಗು. ಸಾಹೇಬರು ಪಾಲಿಶ್ ಬೂಟು ಎತ್ತೆತ್ತಿ ಇಡುತ್ತ ನಡೆದರು. ಜಲಜಾಕ್ಷಿ ಮಕ್ಕಳಿಗೆಲ್ಲ ತಲೆ ಬಾಚಿ ಸಾಲಾಗಿ ಕೂರಿಸಿದ್ದರು. ಫೋಟೋಗೆಂದು ಕರೆಸಿದ್ದ ಲಲಿತ ಬಾಗಿಲ ಬಳಿ ಬಿಗಿದುಕೊಂಡು ನಿಂತಿದ್ದಳು. ಚೈತ್ರ ಕಪ್ಪೆ ಬೂಟು ಹಾಕಿಕೊಂಡು ನಡುವೆ ನಿಂತಳು.

ಸಾಹೇಬರು ಫೋನು ಎತ್ತುವಷ್ಟರಲ್ಲಿ ನಾನು ಅಡ್ಡ ಹೋದೆ. "ಸಾರ್, ಫೋಟೋಗೆ ಮೊದಲು ಒಂದು ಸಲ ಬೂಟು ಬಿಚ್ಚಿಸಿ ತೂಗಬೇಕು" ಎಂದೆ. ನಿವೃತ್ತಿಗೆ ಒಂದು ವರ್ಷವಿತ್ತು. ಪಿಂಚಣಿ, ಮೆಮೋ, ಏನೇನೋ ಕಣ್ಣ ಮುಂದೆ ಬಂತು.

"ಏನ್ರೀ ಮೇಡಂ ನಿಮ್ಮದು" ಎಂದರು ಸಾಹೇಬರು. ಎಲ್ಲರ ಎದುರು ಬೇಡ ಎನ್ನಲೂ ಆಗಲಿಲ್ಲ. "ಆಯ್ತು, ಬಿಚ್ಚಸ್ರಿ ಮತ್ತೆ."

ಬಿಚ್ಚುವವರು ಯಾರು? ಜಲಜಾಕ್ಷಿ ಕೈ ಹಾಕಿದರೆ ಚೈತ್ರ ಎರಡೂ ಕೈಯಲ್ಲಿ ಬೂಟಿನ ಕಂಠ ಹಿಡಿದು ಕೂತಳು. ಚಿಕ್ಕಿ ತೋರಿಸಿದೆವು, ಚಿಕ್ಕಿ ತಿಂದಳು, ಬೂಟು ಬಿಡಲಿಲ್ಲ. ಲಲಿತ ಗದರಿಸಿದಳು. ಸಾಹೇಬರೂ ಬಗ್ಗಿ "ಬಿಚ್ಚು ಪುಟ್ಟಿ, ನಿನಗ ಗೊಂಬಿ ಕೊಡಸ್ತೀನಿ" ಎಂದರು. ಚೈತ್ರ ಅವರ ಮುಖ ನೋಡಿದಳು, ಆಮೇಲೆ ಅವರ ಕಾಲು ನೋಡಿದಳು.

"ಅವ್ರ ಕಾಲಲ್ಲಿ ರಕ್ತ" ಎಂದಳು.

ಎಲ್ಲರೂ ನೋಡಿದೆವು. ಸಾಹೇಬರ ಬಿಳಿ ಕಾಲುಚೀಲದ ಮೇಲೆ ಕೆಂಪು ಹರಡಿತ್ತು. ಗಾಬರಿಯಿಂದ ಬೂಟು ಕಿತ್ತರು, ಕಾಲುಚೀಲ ಎಳೆದರು. ಪಾದದ ಗಂಟಿನ ಮೇಲೆ ಹೊಟ್ಟೆ ತುಂಬಿದ ಮೂರು ಇಂಬಳಗಳು, ಒಂದೊಂದೂ ನೇರಳೆ ಹಣ್ಣಿನಷ್ಟು. ಇನ್ನೊಂದು ಕಾಲಲ್ಲಿ ಎರಡು. ಪಾಪ, ಬಯಲುಸೀಮೆಯ ಮನುಷ್ಯ, ಇಂಬಳದ ಹೆಸರು ಕೇಳಿದ್ದರೇ ಹೊರತು ಭೇಟಿಯಾಗಿರಲಿಲ್ಲ. "ಆಸ್ಪತ್ರಿ ಎಷ್ಟು ದೂರ ಐತ್ರಿ?" ಎನ್ನುತ್ತ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಕುಸಿದರು. ಜಲಜಾಕ್ಷಿ ಅಡುಗೆ ಮನೆಯಿಂದ ಉಪ್ಪು ತಂದು ಉದುರಿಸಿದರು. ಹದಿನೆಂಟು ಮಕ್ಕಳು ಸುತ್ತ ನೆರೆದು ಇಂಬಳ ಉದುರುವುದನ್ನು ಎಣಿಸಿದರು. ಐದರವರೆಗೆ ಎಣಿಸಲು ಅವರು ಅಷ್ಟು ಉತ್ಸಾಹ ಹಿಂದೆಂದೂ ತೋರಿಸಿರಲಿಲ್ಲ.

ಆಗ ಚೈತ್ರ ನೆಲದ ಮೇಲೆ ಕೂತು, ಯಾರೂ ಹೇಳದೆ, ಒಂದು ಬೂಟು ಎಳೆದಳು. ಇನ್ನೊಂದನ್ನೂ ಎಳೆದಳು. ಎದ್ದು ಬಂದು ಸಾಹೇಬರ ಮುಂದೆ ತನ್ನ ಕಡ್ಡಿ ಕಾಲುಗಳನ್ನು ಚಾಚಿ ನಿಂತಳು. "ನಂಗೆ ಒಂದೂ ಇಲ್ಲ ನೋಡಿ" ಎಂದಳು. ಅಂಥ ಹೆಮ್ಮೆಯನ್ನು ನಾನು ಯಾವ ಸನ್ಮಾನ ಸಮಾರಂಭದಲ್ಲೂ ಕಂಡಿಲ್ಲ. ಜಲಜಾಕ್ಷಿ ಹೊತ್ತು ಕಳೆಯದೆ ಅವಳನ್ನು ಎತ್ತಿ ಮೆಷಿನ್ನಿನ ಮೇಲೆ ನಿಲ್ಲಿಸಿದರು. ಹತ್ತು ಕಿಲೋ ಆರುನೂರು ಗ್ರಾಂ.

ಸಾಹೇಬರು ಬರಿಗಾಲಲ್ಲಿ ಕೂತು ಆ ಅಂಕಿಯನ್ನು ನೋಡಿದರು. ಆಮೇಲೆ ಚೈತ್ರಳ ಒಂದು ಬೂಟು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಇದನ್ನ ಎಲ್ಲಿ ತಗೊಂಡ್ರಮ್ಮ?"

"ಸಂತೇಲಿ ಸಾರ್, ಎರಡು ಸಾವಿರದ ದುಡ್ಡಲ್ಲಿ" ಎಂದಳು ಲಲಿತ. ಒಂದು ಕ್ಷಣ ನನ್ನ ಕಡೆ ನೋಡಿ, "ಮೇಡಂ ಅನಗತ್ಯ ಅಂತ ಬರ್ದಿದ್ದಾರೆ" ಎಂದು ಸೇರಿಸಿದಳು.

ಸಾಹೇಬರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಹಣ್ಣುಗಳ ಚಿತ್ರ ನೋಡಿದೆ. ಆಗ ಜಲಜಾಕ್ಷಿ ಒಳಗಿನಿಂದ ಹಾಜರಿ ಪುಸ್ತಕ ತಂದು ಅವರ ತೊಡೆಯ ಮೇಲಿಟ್ಟರು. "ಹೋದ್ವರ್ಷ ಜುಲೈಲಿ ಈ ಮಗು ಬಂದಿದ್ದು ಆರೇ ದಿನ ಸಾರ್. ಲೈನಿಂದ ಇಲ್ಲಿಗೆ ನೀವ್ ಬಂದ್ರಲ್ಲ, ಅದೇ ದಾರಿ. ಇವ್ಳಮ್ಮ ಹೊತ್ಕಂಡ್ ಬಂದ್ರೆ ಎಸ್ಟೇಟಲ್ಲಿ ಹಾಜ್ರಿ ತಪ್ಪುತ್ತೆ, ನಡ್ಸಿದ್ರೆ ಇಂಬಳ ಹತ್ತುತ್ತೆ. ಮನೇಲೇ ಬಿಟ್ ಹೋಗ್ತಿದ್ಲು. ಇಲ್ಲಿಗ್ ಬರ್ದಿದ್ರೆ ಮೊಟ್ಟೆ ಎಲ್ಲಿಂದ? ಈ ಸಲ ಬೂಟ್ ಬಂದ್ಮೇಲೆ ಒಂದಿನಾನೂ ತಪ್ಪಿಲ್ಲ."

ಬೂಟಿಲ್ದಿದ್ರೆ ಹೊಟ್ಟೆಗ್ ಹೋಗದು ಹೆಂಗೆ ಎಂದು ಲಲಿತ ಬಾಗಿಲಲ್ಲಿ ನಿಂತು ಹೇಳಿದ್ದು ಇದನ್ನೇ. ಒಂದು ತಿಂಗಳ ಹಿಂದೆಯೇ ಪೂರ್ತಿ ಸತ್ಯವನ್ನು ಒಂದೇ ವಾಕ್ಯದಲ್ಲಿ ಹೇಳಿದ್ದಳು. ಅದಕ್ಕೆ ನಾನು ಅಡಿಗೆರೆ ಎಳೆದಿದ್ದೆ.

ಫೋನಿಗೆ ಹೋದ ತೂಕ ಬದಲಿಸಲು ಅಧಿಕಾರಿಯ ಒಪ್ಪಿಗೆ ಬೇಕು, ಒಪ್ಪಿಗೆಗೆ ನೆಟ್‌ವರ್ಕ್ ಬೇಕು, ನೆಟ್‌ವರ್ಕ್ ಇರುವುದು ಬಂಡೆಯ ಮೇಲೆ. ಸಾಹೇಬರು ಪಾಲಿಶ್ ಬೂಟಿನ ಕಡೆ ತಿರುಗಿಯೂ ನೋಡಲಿಲ್ಲ. ಲೈನಿನಿಂದ ಮೇಸ್ತ್ರಿಯ ಗಂಬೂಟು ತರಿಸಿ, ಅದಕ್ಕೆ ಪ್ಯಾಂಟು ತುರುಕಿಕೊಂಡು, ಜಲಜಾಕ್ಷಿಯ ಹೂವಿನ ಕೊಡೆ ಹಿಡಿದು ಬಂಡೆ ಹತ್ತಿದರು. ಅಲ್ಲಿ ನಿಂತು ತಮ್ಮ ಕೈಯಾರೆ ಹಳದಿಯನ್ನು ಕೆಂಪು ಮಾಡಿದರು. ಮಾರನೆಯ ದಿನ ಚೈತ್ರಳಿಗೆ ಮೊಟ್ಟೆ ಬಂತು. ಯಶೋಗಾಥೆಯನ್ನು ವಾಪಸ್ ತರಿಸಿಕೊಂಡ ಕಾಗದವನ್ನೂ ಅವರೇ ಬರೆದರು. ನನಗೆ ಮೆಮೋ ಕೊಡಲಿಲ್ಲ. ಬದಲಿಗೆ ಎರಡು ವಾರ ಎಲ್ಲ ಕೇಂದ್ರಗಳ ತೂಕದ ಮೆಷಿನ್ನುಗಳ ಮೇಲೆ ಪಾದರಕ್ಷೆ ಬಿಡಿ ಎಂಬ ಚೀಟಿ ಅಂಟಿಸುವ ಕೆಲಸ ಹಚ್ಚಿದರು.

ತಪ್ಪಿಸಿದ ಮೊಟ್ಟೆಗಳ ಪಾಪ ನನ್ನ ತಲೆಯ ಮೇಲಿತ್ತು. ಒಂದು ಟ್ರೇ ಮೊಟ್ಟೆ ಕೊಂಡು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಆ ತಿರುವುಗಳಲ್ಲಿ ಏಳು ಒಡೆದು ನನ್ನ ಸೀರೆಯ ಪಾಲಾದವು. ಲಲಿತ ಟ್ರೇ ಇಸಕೊಂಡು, ಸೀರೆ ನೋಡಿ, ಮೊದಲ ಸಲ ನನ್ನೆದುರು ನಕ್ಕಳು. "ಒಳಗ್ ಬನ್ನಿ, ತೊಳ್ಕಳಿ, ಕಾಫಿ ಕುಡ್ದು ಹೋಗಿ" ಎಂದಳು. ಅಷ್ಟು ವರ್ಷದಲ್ಲಿ ಆ ಮನೆಯ ಒಳಗೆ ಕೂತದ್ದು ಅದೇ ಮೊದಲು. ಫಾರಂ ಹಿಡಿದು ಹೋದಾಗಲೆಲ್ಲ ಬಾಗಿಲಿನಿಂದ ಬಾಗಿಲಿಗೇ ಹೋಗಿದ್ದೆ.

ನನ್ನ ಕೊನೆಯ ತೂಕದ ದಿನ ಮುಂದಿನ ಜೂನಿನಲ್ಲಿ ಬಂತು. ಮಳೆ ಆಗತಾನೆ ಹಿಡಿದಿತ್ತು. ಕೇಂದ್ರದ ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಚೈತ್ರಳ ಅಳು ಕೇಳಿತು. ತೂಕದ ಮೇಡಂ ಎಂದರೆ ಇನ್ನೂ ಭಯವೇ ಎಂದುಕೊಂಡೆ. ಒಳಗೆ ಹೋದರೆ ಅವಳು ನೆಲದ ಮೇಲೆ ಕೂತು, ಮುಖ ಕೆಂಪು ಮಾಡಿಕೊಂಡು ಕಪ್ಪೆ ಬೂಟನ್ನು ಕಾಲಿಗೆ ತುರುಕುತ್ತಿದ್ದಳು. ಪಕ್ಕದಲ್ಲಿ ಕೂತ ಲಲಿತ ಇನ್ನೊಂದು ಬೂಟು ಹಿಡಿದು ಅದರ ಬಾಯಿ ಅಗಲಿಸುತ್ತಿದ್ದಳು. ಬೇಸಿಗೆಯಿಡೀ ಅಟ್ಟದ ಮೇಲಿದ್ದ ಬೂಟನ್ನು ಅಂದು ಬೆಳಗ್ಗೆ ಇಳಿಸಿದ್ದರಂತೆ. ತಾಯಿ ಅವಳನ್ನು ಬೆನ್ನ ಮೇಲೆ ಹೊತ್ತು, ಬೂಟನ್ನು ಕೈಯಲ್ಲಿ ಹಿಡಿದು ತಂದಿದ್ದಳು, ಕೇಂದ್ರದಲ್ಲಾದರೂ ಹಿಡಿಸೀತು ಎಂದು ಮಗಳು ಹಟ ಮಾಡಿದ್ದಕ್ಕೆ.

ಮೆಷಿನ್ನಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿದೆವು. ಹನ್ನೆರಡೂ ಮುಕ್ಕಾಲು. ಫೋನು ಹಳದಿ ಎಂದಿತು. ಹಸಿರಿಗೆ ಇನ್ನೂ ದೂರವಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಸಲದ ಹಳದಿ ಪೂರ್ತಿ ಚೈತ್ರಳದ್ದೇ ಆಗಿತ್ತು.

ಇಳಿದವಳು ಮತ್ತೆ ಬೂಟಿಗೆ ಕಾಲು ತುರುಕಿದಳು. ಹಿಮ್ಮಡಿ ಒಳಗೆ ಹೋಗಲಿಲ್ಲ. "ಹಿಡಿಸ್ತಿಲ್ಲಮ್ಮ" ಎಂದು ಬಿಕ್ಕಿ ಬಿಕ್ಕಿ ಅತ್ತಳು.

"ಹಿಡ್ಸಲ್ಲ ಮಗ, ಇನ್ ಹಿಡ್ಸಲ್ಲ" ಎಂದಳು ಲಲಿತ. ಹೇಳುತ್ತ ಹೇಳುತ್ತ ಅವಳ ಮುಖವೆಲ್ಲ ನಗುವಾಯಿತು. ಜಲಜಾಕ್ಷಿ ನಕ್ಕರು. ನಾನೂ ನಕ್ಕೆ, ಕಣ್ಣೀರು ಬರುವಷ್ಟು. ನಾವು ಮೂವರು ದೊಡ್ಡವರು ಯಾಕೆ ಹೀಗೆ ನಗುತ್ತಿದ್ದೇವೆಂದು ತಿಳಿಯದೆ ಚೈತ್ರ ಇನ್ನೂ ಜೋರಾಗಿ ಅತ್ತಳು. ನನ್ನ ಮೂವತ್ತೊಂದು ವರ್ಷದಲ್ಲಿ ಎಷ್ಟೋ ಮಕ್ಕಳ ಅಳು ಕೇಳಿದ್ದೇನೆ, ಅವತ್ತಿನಷ್ಟು ಸಂತೋಷ ಕೊಟ್ಟ ಅಳು ಇನ್ನೊಂದಿಲ್ಲ.